ಕರಾವಳಿಯ ಬೇಸಿಗೆಗೆ ನಂದಿ ತಪ್ಪಲಿನ ವೈನ್: ಮೀನು ನೋಡಬೇಡಿ, ಮಸಾಲೆ ನೋಡಿ

ಪ್ರಶ್ನೆ: ದೊಡ್ಡಬಳ್ಳಾಪುರದ ಕಡೆ ಹೋಗಿದ್ದಾಗ ಅಲ್ಲಿನ ಒಂದು ವೈನರಿಯಿಂದ ಆರು ಬಾಟಲಿ ತಂದೆವು. ಬಿಳಿ ವೈನುಗಳಾದ ಸಾವಿನ್ಯೋನ್ ಬ್ಲಾಂ, ವಿಯೊನಿಯೆ, ಗುಲಾಬಿ ಬಣ್ಣದ ಶಿರಾಜ್ ರೋಸೆ, ಸ್ವಲ್ಪ ಸಿಹಿ ಇರುವ ಬಿಳಿ ಶೆನಿನ್ ಬ್ಲಾಂ ಒಂದೊಂದು, ಕ್ಯಾಬರ್ನೆ-ಶಿರಾಜ್ ಕೆಂಪು ಎರಡು. ಅಲ್ಲಿ ರುಚಿ ನೋಡಿದಾಗ ಬಹಳ ಚೆನ್ನಾಗಿದ್ದ ಕೆಂಪು ವೈನನ್ನು ಉಡುಪಿಯ ಮನೆಯಲ್ಲಿ ತೆರೆದರೆ ಗಂಟಲು ಸುಡುವ ಹಾಗಿತ್ತು, ಜಾಮ್ ವಾಸನೆ ಬರುತ್ತಿತ್ತು. ಬಾಟಲಿ ಹಾಳಾಗಿದೆಯೇ? ಮೇ ತಿಂಗಳಲ್ಲಿ ಮನೆಯಲ್ಲಿ ಎಂಟು ಜನ ಸೇರುತ್ತೇವೆ, ಅದರಲ್ಲಿ ಮೂವರು ಸಸ್ಯಾಹಾರಿಗಳು. ಉಳಿದ ಐದು ಬಾಟಲಿಗಳನ್ನು ಹೇಗೆ ರುಚಿ ನೋಡಬೇಕು, ನಮ್ಮ ಅಡುಗೆಯ ಜತೆ ಯಾವುದು ಹೊಂದುತ್ತದೆ?

ಉತ್ತರ: ಮೊದಲು ಆ ಕೆಂಪು ವೈನಿನ ವಿಷಯ, ಏಕೆಂದರೆ ಉಳಿದದ್ದೆಲ್ಲ ಅದಕ್ಕೇ ಸುತ್ತಿಕೊಂಡಿದೆ. ಬಾಟಲಿ ಹಾಳಾಗಿರಬಹುದು, ಆಗದೆಯೂ ಇರಬಹುದು. ನೀವು ಅದನ್ನು ಯಾವ ತಾಪಮಾನದಲ್ಲಿ ಕುಡಿದಿರಿ ಎನ್ನುವುದು ಮುಖ್ಯ. ಕೆಂಪು ವೈನ್ ರೂಮ್ ಟೆಂಪರೇಚರಿನಲ್ಲಿ ಇರಬೇಕು ಎನ್ನುವ ಮಾತು ಯುರೋಪಿನ ತಣ್ಣಗಿನ ಕೋಣೆಗಳಲ್ಲಿ ಹುಟ್ಟಿದ್ದು, ಅಲ್ಲಿನ ಲೆಕ್ಕಕ್ಕೆ 16ರಿಂದ 18 ಡಿಗ್ರಿ. ಉಡುಪಿಯಲ್ಲಿ ಏಪ್ರಿಲ್-ಮೇ ಹೊತ್ತಿಗೆ ಊಟದ ಕೋಣೆಯೇ 31-32 ಡಿಗ್ರಿ ಇರುತ್ತದೆ. ಆ ಬಿಸಿಗೆ ವೈನಿನ ಆಲ್ಕೋಹಾಲ್ ಬೇಗ ಆವಿಯಾಗಿ ಮೂಗಿಗೆ ಮೊದಲು ಅದೇ ಹೊಡೆಯುತ್ತದೆ, ಹಣ್ಣಿನ ಪರಿಮಳ ಅದರ ಹಿಂದೆ ಅಡಗುತ್ತದೆ. ಹುಳಿ ಮಂಕಾಗಿ ಜಾಮ್ ಥರದ ಭಾರ ಮಾತ್ರ ಉಳಿಯುತ್ತದೆ. ವೈನರಿಯ ಟೇಸ್ಟಿಂಗ್ ಕೋಣೆಯಲ್ಲಿ ತಂಪು ಮಾಡಿಯೇ ಸುರಿದಿರುತ್ತಾರೆ, ಹಾಗಾಗಿ ಅದೇ ವೈನ್ ಅಲ್ಲಿ ಬೇರೆಯೇ ಅನಿಸಿರುತ್ತದೆ.

ನಮ್ಮ ಕಡೆಯ ವೈನುಗಳಿಗೆ ಈ ತೊಂದರೆ ಸ್ವಲ್ಪ ಹೆಚ್ಚು. 1992ರಲ್ಲಿ ಗ್ರೋವರ್ ವೈನರಿಯ ಮೊದಲ ವೈನ್ ಬಂದಲ್ಲಿಂದ ದೊಡ್ಡಬಳ್ಳಾಪುರದ ಕಡೆಯ ನಂದಿ ಬೆಟ್ಟದ ತಪ್ಪಲು ಫ್ರೆಂಚ್ ತಳಿಯ ದ್ರಾಕ್ಷಿಗೆ ಹೆಸರಾಗಿದೆ. ಅಲ್ಲಿ ಬೆಳೆಗಾರರು ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸಿ ಚಾಟನಿ ಮಾಡಿ, ಮಳೆಯ ಕಾಟ ಇಲ್ಲದ ಬೇಸಿಗೆಯ ಆರಂಭಕ್ಕೆ ಹಣ್ಣು ಕೊಯ್ಲಿಗೆ ಬರುವಂತೆ ನೋಡಿಕೊಳ್ಳುತ್ತಾರೆ. ಎತ್ತರದ ಜಾಗ, ರಾತ್ರಿಯ ತಂಪು ಎರಡೂ ಸೇರಿ ಹಣ್ಣಿನ ಹುಳಿಯನ್ನು ಒಂದಿಷ್ಟು ಉಳಿಸುತ್ತವೆ. ಆದರೆ ಹಗಲಿನ ಬಿಸಿಲು ಜೋರು, ಹಣ್ಣು ಚೆನ್ನಾಗಿ ಮಾಗುತ್ತದೆ, ಸಕ್ಕರೆ ಏರುತ್ತದೆ, ಆ ಸಕ್ಕರೆಯೇ ಆಲ್ಕೋಹಾಲ್ ಆಗುತ್ತದೆ. ಲೇಬಲಿನಲ್ಲಿ ಶೇಕಡ 13, 13.5 ಎಂದು ಕಾಣುವುದು ಸಾಮಾನ್ಯ. ಅಂಥ ವೈನನ್ನು ಸಮುದ್ರಮಟ್ಟದ ಸೆಕೆಯಲ್ಲಿ ಬೆಚ್ಚಗೆ ಕುಡಿದರೆ ಗಂಟಲು ಸುಡುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಸಾಧ್ಯತೆ, ದಾರಿಯಲ್ಲಿ ಅದು ಬೆಂದಿರುವುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದು ಕಷ್ಟವೇನಲ್ಲ. ಸಕಲೇಶಪುರದಲ್ಲಿ ಊಟಕ್ಕೆಂದು ಒಂದೆರಡು ಗಂಟೆ ಕಾರು ಬಿಸಿಲಿಗಿದ್ದರೆ ಡಿಕ್ಕಿಯಲ್ಲಿದ್ದ ವೈನ್ ಕೆಡಲು ಅದು ಸಾಕಾಗಬಹುದು. ಉಳಿದ ಬಾಟಲಿಗಳನ್ನು ಈಗಲೇ ತೆಗೆದು ನೋಡಿ. ಕಾರ್ಕ್ ಬಾಯಿಯಿಂದ ಸ್ವಲ್ಪ ಮೇಲೆ ಬಂದಿದೆಯೇ? ಬಾಟಲಿಯ ಬಾಯಿಗೆ ಸುತ್ತಿದ ಹಾಳೆಯ (ಕ್ಯಾಪ್ಸೂಲ್) ಅಡಿಯಲ್ಲಿ ಅಂಟಂಟು ಗೆರೆ ಇದೆಯೇ? ವೈನ್ ಬಿಸಿಗೆ ಹಿಗ್ಗಿ ಹೊರಗೆ ಜಿನುಗಿದ ಗುರುತು ಅದು. ತಿರುಪು ಮುಚ್ಚಳದ ಬಾಟಲಿಯಲ್ಲಿ ಈ ಗುರುತು ಸಿಗುವುದಿಲ್ಲ, ರುಚಿ ನೋಡಿಯೇ ಹೇಳಬೇಕು.

ಎರಡನೆಯ ಕೆಂಪು ಬಾಟಲಿ ಇರುವುದರಿಂದ ಪರೀಕ್ಷೆ ಸುಲಭ. 16 ಡಿಗ್ರಿಗೆ ತಂದು ತೆರೆಯಿರಿ. ಸುಡುವುದು ನಿಂತು ಕಪ್ಪು ಹಣ್ಣಿನ, ಕಾಳುಮೆಣಸಿನ ವಾಸನೆ ಬಂದರೆ ತಪ್ಪು ಕುಡಿಯುವಾಗಿನ ಬಿಸಿಯದ್ದು ಮಾತ್ರ. ತಂಪು ಮಾಡಿದ ಮೇಲೂ ಬೇಯಿಸಿದ ಒಣದ್ರಾಕ್ಷಿಯ ವಾಸನೆ, ಗ್ಲಾಸನ್ನು ಓರೆ ಮಾಡಿದಾಗ ಅಂಚಿನಲ್ಲಿ ಕಂದು ಬಣ್ಣ ಕಂಡರೆ ವೈನ್ ಬೆಂದಿದೆ, ಅದನ್ನು ಸರಿಮಾಡುವ ಉಪಾಯವಿಲ್ಲ. ಚೆಲ್ಲಬೇಕಾಗಿಲ್ಲ, ವಿನೆಗರ್ ಹಾಕಿ ಮಾಡುವ ಹಂದಿಮಾಂಸದ ಅಡುಗೆ ಪೋರ್ಕ್ ಬಫಾತ್‌ಗೆ ಅರ್ಧ ಲೋಟ ಸುರಿಯಿರಿ, ವಿನೆಗರನ್ನು ಅಷ್ಟು ಕಡಿಮೆ ಮಾಡಿ.

ಕೂಟದ ದಿನದವರೆಗೆ ಎಲ್ಲವನ್ನೂ ಫ್ರಿಜ್ಜಿನಲ್ಲಿಡಿ. ಕೆಂಪನ್ನೂ. ಕಪಾಟಿನಲ್ಲಿ 31 ಡಿಗ್ರಿಯಲ್ಲಿ ವಾರಗಟ್ಟಲೆ ಇಡುವುದಕ್ಕಿಂತ ಫ್ರಿಜ್ಜಿನ ಕೆಳಗಿನ ಶೆಲ್ಫ್ ಎಷ್ಟೋ ಮೇಲು. ವರ್ಷಗಟ್ಟಲೆ ಇಡುವವರಿಗೆ ಬೇರೆ ವ್ಯವಸ್ಥೆ ಬೇಕು, ಎರಡು ಮೂರು ತಿಂಗಳಿಗೆ ಫ್ರಿಜ್ಜೇ ಸಾಕು. ತಂಪಿಗೆ ಬಿಳಿ ವೈನಿನ ತಳದಲ್ಲಿ ಸಕ್ಕರೆ ಹರಳಿನಂಥದ್ದು ಕೂರಬಹುದು. ಗಾಜಿನ ಚೂರೆಂದು ಹೆದರಬೇಡಿ, ದ್ರಾಕ್ಷಿಯದೇ ಟಾರ್ಟರಿಕ್ ಆಮ್ಲದ ಉಪ್ಪು ಅದು. ಮುಂದಿನ ಸಲ ತರುವಾಗ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟು ತನ್ನಿ. ಮಲ್ಪೆಯಲ್ಲಿ ಸಿಗುವ ಮೀನಿನ ಪೆಟ್ಟಿಗೆಯೇ ಆಗಬಹುದು, ಹೊಸತಾಗಿದ್ದರೆ!

ಇನ್ನು ತಾಪಮಾನದ ಲೆಕ್ಕ. ಸಾವಿನ್ಯೋನ್ ಬ್ಲಾಂ ಮತ್ತು ಶೆನಿನ್ 8ರಿಂದ 10 ಡಿಗ್ರಿ, ರೋಸೆ ಮತ್ತು ವಿಯೊನಿಯೆ 10ರಿಂದ 12, ಕ್ಯಾಬರ್ನೆ-ಶಿರಾಜ್ 16. ಫ್ರಿಜ್ಜಿನ ಒಳಗೆ ಸುಮಾರು 4-5 ಡಿಗ್ರಿ. ಅಲ್ಲೇ ಇದ್ದ ಬಿಳಿ ವೈನನ್ನು ಸುರಿಯುವ ಹತ್ತು ನಿಮಿಷ ಮೊದಲು ಹೊರಗಿಟ್ಟರೆ ಸಾಕು, ಕೆಂಪನ್ನು ಮುಕ್ಕಾಲು ಗಂಟೆ ಮೊದಲು. ಕೋಣೆಯಲ್ಲೇ ಇದ್ದ ಬಾಟಲಿಯಾದರೆ ಲೆಕ್ಕ ತಿರುವುಮುರುವು: ಬಿಳಿಗೆ ಫ್ರಿಜ್ಜಿನಲ್ಲಿ ಮೂರು ಗಂಟೆ, ಕೆಂಪಿಗೆ ಒಂದೂಕಾಲು ಗಂಟೆ. ಅಡುಗೆಗೆ ಬಳಸುವ ಪ್ರೋಬ್ ಥರ್ಮಾಮೀಟರ್ ಇದ್ದರೆ ಗ್ಲಾಸಿಗೆ ಸುರಿದ ವೈನಿನಲ್ಲಿ ಅದ್ದಿ ನೋಡಿ, ಊಹೆಯ ಅಗತ್ಯವೇ ಇಲ್ಲ.

ಕರೆಂಟ್ ಹೋಗಿದೆ, ಅಥವಾ ಫ್ರಿಜ್ಜಿನಲ್ಲಿ ಜಾಗವಿಲ್ಲ ಎಂದಾದರೆ ಬಕೆಟ್ ವಿಧಾನ. ಇಲ್ಲಿ ಹೆಚ್ಚಿನವರು ಬರೀ ಐಸ್ ತುಂಬಿ ಬಾಟಲಿಯನ್ನು ಸಿಕ್ಕಿಸಿಡುತ್ತಾರೆ. ಐಸ್ ತುಂಡುಗಳ ನಡುವೆ ಗಾಳಿ ಇರುತ್ತದೆ, ಗಾಜಿಗೆ ಅಲ್ಲಲ್ಲಿ ಮಾತ್ರ ತಂಪು ತಾಗುತ್ತದೆ. ಅರ್ಧ ಐಸ್, ಅರ್ಧ ನೀರು ಹಾಕಿ, ಎರಡು ಹಿಡಿ ಕಲ್ಲುಪ್ಪು ಸೇರಿಸಿ ಕದಡಿ. ಉಪ್ಪು ಸೇರಿದ ಐಸ್ ನೀರು ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತದೆ. ಬಾಟಲಿ ಕತ್ತಿನವರೆಗೆ ಮುಳುಗಬೇಕು, ಇಲ್ಲದಿದ್ದರೆ ಮೊದಲ ಎರಡು ಗ್ಲಾಸ್ ಬೆಚ್ಚಗೇ ಬರುತ್ತವೆ. ನಡುವೆ ಒಂದೆರಡು ಸಲ ಬಾಟಲಿಯನ್ನು ತಿರುಗಿಸಿದರೆ 20-25 ನಿಮಿಷದಲ್ಲಿ ಬಿಳಿ ವೈನ್ ಸಿದ್ಧ. ಫ್ರೀಜರಿನಲ್ಲಿ ಇಟ್ಟು ಮರೆಯುವವರೇ ಹೆಚ್ಚು. ವೈನ್ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, ಹಿಗ್ಗಿ ಕಾರ್ಕನ್ನು ತಳ್ಳುತ್ತದೆ. ನೊರೆಯ ವೈನನ್ನಂತೂ ಫ್ರೀಜರಿಗೆ ಇಡಲೇಬೇಡಿ, ಬಾಟಲಿ ಒಡೆಯಬಹುದು.

ಒಂದು ಎಚ್ಚರಿಕೆ, ಅತಿ ತಂಪೂ ಮೋಸವೇ. 4 ಡಿಗ್ರಿಯಲ್ಲಿ ವೈನಿಗೆ ವಾಸನೆಯೇ ಇರುವುದಿಲ್ಲ, ಕೆಂಪಿನಲ್ಲಿ ಒಗರು ಮಾತ್ರ ಎದ್ದು ಕಾಣುತ್ತದೆ. ಆದರೆ ನಮ್ಮ ಸೆಕೆಯಲ್ಲಿ ಬೇಕಾದ್ದಕ್ಕಿಂತ ಎರಡು ಡಿಗ್ರಿ ಕಡಿಮೆಯಲ್ಲೇ ಸುರಿಯುವುದು ಜಾಣತನ, ಗ್ಲಾಸಿನಲ್ಲಿ ಅದು ತಾನೇ ಏರುತ್ತದೆ. ಒಂದು ಸಲಕ್ಕೆ 75 ಮಿಲಿಗಿಂತ ಹೆಚ್ಚು ಸುರಿಯಬೇಡಿ. ತುಂಬ ಸುರಿದರೆ ಕೊನೆಯ ಅರ್ಧ ಬೆಚ್ಚಗಾಗಿ ಹೋಗುತ್ತದೆ. ಗ್ಲಾಸ್ ಹೊರಗಿನಿಂದ ಬೆವರುವುದನ್ನು ತಡೆಯಲಾಗದು, ಬಾಟಲಿಗೊಂದು ಬೈರಾಸು ಸುತ್ತಿ, ಗ್ಲಾಸನ್ನು ಅದರ ಕೆಳಗಿನ ತೆಳು ಕಡ್ಡಿಯ ಭಾಗದಲ್ಲಿ ಹಿಡಿಯಿರಿ.

ರುಚಿ ನೋಡುವ ಕೆಲಸ ಊಟಕ್ಕೆ ಮೊದಲು, ಒಲೆ ಹಚ್ಚುವುದಕ್ಕೂ ಮೊದಲು ಮುಗಿಯಲಿ. ಕಾವಲಿಯಲ್ಲಿ ಅಂಜಲ್ ಮೀನು ಬಿದ್ದ ಮೇಲೆ ಆ ಮನೆಯಲ್ಲಿ ವೈನಿನ ವಾಸನೆ ಹಿಡಿಯುವುದು ಸಾಧ್ಯವಿಲ್ಲ. ಬೆಳಿಗ್ಗೆ 11 ಗಂಟೆ ಒಳ್ಳೆಯ ಹೊತ್ತು, ಹೊಟ್ಟೆ ಪೂರ್ತಿ ಖಾಲಿ ಇರಬಾರದು. ಊದುಬತ್ತಿ ಬೇಡ. ಹೇಳಲು ಕಷ್ಟವಾದರೂ ಹೇಳಲೇಬೇಕು, ಶಂಕರಪುರ ಮಲ್ಲಿಗೆಯೂ ಆ ಒಂದು ಗಂಟೆ ಪಕ್ಕದ ಕೋಣೆಯಲ್ಲಿರಲಿ. ವಿಯೊನಿಯೆಯ ಹೂವಿನ ಪರಿಮಳ ಒಂದು ಚೆಂಡು ಮಲ್ಲಿಗೆಯ ಎದುರು ನಿಲ್ಲುವುದಿಲ್ಲ. ಮೂಸುವಾಗ ಫ್ಯಾನ್ ಆರಿಸಿ. ಎಸಿ ಇದ್ದರೆ 24-25ಕ್ಕೆ ಇಡಿ.

ಗ್ಲಾಸುಗಳು ಒಂದೇ ಥರದವಾಗಿರಲಿ, ಬಾಯಿ ಹೊಟ್ಟೆಗಿಂತ ಕಿರಿದಾಗಿರಲಿ. ಕರಾವಳಿಯ ತೇವದಲ್ಲಿ ಕಪಾಟಿನಲ್ಲಿ ಕವುಚಿಟ್ಟ ಗ್ಲಾಸಿನೊಳಗೆ ಬೂಸು ವಾಸನೆ ಕಟ್ಟಿಕೊಳ್ಳುತ್ತದೆ, ಸರಿಯಾಗಿ ಒಣಗದ ಬಟ್ಟೆಯಿಂದ ಒರೆಸಿದರೂ ಅಷ್ಟೇ. ಕೆಟ್ಟ ಕಾರ್ಕಿನ ದೋಷವೂ ಒದ್ದೆ ರಟ್ಟಿನ, ಗೋಣಿಚೀಲದ ವಾಸನೆಯೇ. ಹಾಗಾಗಿ ಒಳ್ಳೆಯ ವೈನನ್ನೇ ಕೆಟ್ಟದ್ದೆಂದು ತಳ್ಳಿಬಿಡುವುದುಂಟು. ಖಾಲಿ ಗ್ಲಾಸನ್ನು ಮೊದಲು ಮೂಸಿ. ಆಮೇಲೆ ಬಿಸಿನೀರಲ್ಲಿ ತೊಳೆದು, ಒಂದು ಚಮಚ ವೈನ್ ಹಾಕಿ ಸುತ್ತಿಸಿ ಚೆಲ್ಲಿ. ಬೆಂಕಿಕಡ್ಡಿಯ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗ್ಲಾಸನ್ನು ಜೋರಾಗಿ ತಿರುಗಿಸಿ ಎರಡು ನಿಮಿಷ ಬಿಡಿ, ಹೆಚ್ಚಾಗಿ ಹೋಗುತ್ತದೆ. ಒದ್ದೆ ರಟ್ಟಿನದು ಹೋಗುವುದಿಲ್ಲ, ಹೊತ್ತು ಕಳೆದಂತೆ ಹೆಚ್ಚಾಗುತ್ತದೆ. ಉಗುರುಬಣ್ಣ ತೆಗೆಯುವ ದ್ರಾವಣದ್ದೋ ವಿನೆಗರಿನದೋ ವಾಸನೆ ಮೂಗಿಗೆ ಅಡರಿದರೆ ಆ ಬಾಟಲಿಯನ್ನು ಬದಿಗಿಡಿ.

ಎಷ್ಟು ಸುರಿಯಬೇಕು? 40 ಮಿಲಿ. ಎಂಟು ಜನಕ್ಕೆ ಒಂದು ಬಾಟಲಿಯಿಂದ 320 ಮಿಲಿ ಹೋಗುತ್ತದೆ, 430 ಮಿಲಿ ಊಟಕ್ಕೆ ಉಳಿಯುತ್ತದೆ. ಐದು ವೈನ್ ಸೇರಿದರೆ ಒಬ್ಬರಿಗೆ 200 ಮಿಲಿ ಆಯಿತು, ಅದು ದೊಡ್ಡ ಒಂದು ಗ್ಲಾಸು. ಮೇಜಿನ ಮೇಲೆ ಉಗುಳಲು ಸ್ಟೀಲ್ ಚೊಂಬು ಇಡಿ, ಅದರಲ್ಲಿ ಮುಜುಗರ ಪಡುವಂಥದ್ದೇನಿಲ್ಲ, ಈ ಕೆಲಸ ಮಾಡುವವರೆಲ್ಲ ಉಗುಳಿಯೇ ನೋಡುವುದು. ಕಾರು ಓಡಿಸುವವರು ಆ ದಿನ ರುಚಿ ನೋಡುವ ಗೋಜಿಗೇ ಹೋಗದಿದ್ದರೆ ಒಳ್ಳೆಯದು.

ಕ್ರಮ ಹೀಗಿರಲಿ: ಸಾವಿನ್ಯೋನ್, ವಿಯೊನಿಯೆ, ರೋಸೆ, ಕೆಂಪು, ಕೊನೆಗೆ ಶೆನಿನ್. ಸಿಹಿ ಮೊದಲು ಬಂದರೆ ಅದರ ನಂತರದ್ದೆಲ್ಲ ಹುಳಿಯಾಗಿ ಕಾಣುತ್ತದೆ. ಬಿಳಿ ಕಾಗದದ ಮೇಲೆ ಗ್ಲಾಸನ್ನು ಓರೆ ಮಾಡಿ ಬಣ್ಣ ನೋಡಿ. ತಿರುಗಿಸುವ ಮೊದಲು ಒಮ್ಮೆ ಮೂಸಿ, ತಿರುಗಿಸಿ ಮತ್ತೊಮ್ಮೆ ಮೂಸಿ. ಎರಡು ಚಮಚದಷ್ಟು ಬಾಯಿಗೆ ತೆಗೆದುಕೊಂಡು ಐದಾರು ಸೆಕೆಂಡು ಎಲ್ಲ ಕಡೆ ಆಡಿಸಿ. ಇಲ್ಲಿ ಕೇಳಿಕೊಳ್ಳಬೇಕಾದ್ದು ನಾಲ್ಕೇ ವಿಷಯ. ಉಗುಳಿದ ಮೇಲೆ ಬಾಯಲ್ಲಿ ನೀರೂರುತ್ತಿದೆಯೇ, ಅದು ಹುಳಿ. ವಸಡು ಒಣಗಿ ಹಿಡಿದಂತಾಗಿದೆಯೇ, ಅದು ಟ್ಯಾನಿನ್. ಗೇರುಹಣ್ಣು ಕಚ್ಚಿದಾಗ ಬಾಯಿ ಹಿಡಿಯುವುದೂ ಟ್ಯಾನಿನ್ನಿನಿಂದಲೇ, ಆದ್ದರಿಂದ ಇದನ್ನು ಗುರುತಿಸುವುದು ಕರಾವಳಿಯವರಿಗೆ ಕಲಿಸಿಕೊಡಬೇಕಾಗಿಲ್ಲ. ಗಂಟಲಲ್ಲಿ ಬಿಸಿ ಎಷ್ಟು, ಅದು ಆಲ್ಕೋಹಾಲ್. ಸಿಹಿ ಇದೆಯೇ ಇಲ್ಲವೇ. 'ಚೆರಿ, ಚರ್ಮ, ದೇವದಾರು' ಎಂದೆಲ್ಲ ಬರೆದುಕೊಳ್ಳುವುದು ಆಮೇಲಿನ ಮಾತು. ಊಟಕ್ಕೆ ಜೋಡಿಸಲು ಈ ನಾಲ್ಕು ಗೊತ್ತಿದ್ದರೆ ಸಾಕು. ನಡುನಡುವೆ ನಾಲಿಗೆ ತೊಳೆಯಲು ನೀರು, ಚಟ್ನಿಯಿಲ್ಲದ ನೀರುದೋಸೆಯ ತುಂಡು.

ಈಗ ಊಟ. ಬಿಳಿ ಮೀನಿಗೆ, ಕೆಂಪು ಮಾಂಸಕ್ಕೆ ಎನ್ನುವ ಸೂತ್ರ ಬೆಣ್ಣೆಯಲ್ಲಿ ಬೇಯಿಸಿದ ಮೀನಿನ ಊರಿಗೆ ಸರಿ. ನಮ್ಮಲ್ಲಿ ಒಂದೇ ಸಿಗಡಿ ಸುಕ್ಕವೂ ಆಗುತ್ತದೆ, ಗೀ ರೋಸ್ಟೂ ಆಗುತ್ತದೆ, ಪುಳಿಮುಂಚಿಯೂ ಆಗುತ್ತದೆ. ಮೂರಕ್ಕೂ ಬೇಕಾದ ವೈನ್ ಬೇರೆ ಬೇರೆ. ನೋಡಬೇಕಾದ್ದು ಹುಣಸೆ ಎಷ್ಟು, ಮೆಣಸು ಎಷ್ಟು, ತೆಂಗಿನಕಾಯಿ ಎಷ್ಟು, ಬೆಲ್ಲ ಇದೆಯೇ ಎಂದು. ಊಟ ವೈನಿಗಿಂತ ಹೆಚ್ಚು ಹುಳಿಯಾದರೆ ವೈನ್ ಸಪ್ಪೆಯಾಗುತ್ತದೆ. ಮೆಣಸಿನ ಉರಿಯನ್ನು ಆಲ್ಕೋಹಾಲೂ ಟ್ಯಾನಿನ್ನೂ ಹೆಚ್ಚಿಸುತ್ತವೆ, ಸ್ವಲ್ಪ ಸಿಹಿ ತಗ್ಗಿಸುತ್ತದೆ. ತೆಂಗಿನಹಾಲು, ತುಪ್ಪದ ಜಿಡ್ಡಿಗೆ ಹುಳಿ ಇರುವ ವೈನ್ ಬೇಕು. ಊಟದಲ್ಲಿ ಸಿಹಿ ಇದ್ದರೆ ವೈನಿನಲ್ಲೂ ಅಷ್ಟು ಇರಬೇಕು.

ಇದನ್ನು ಬಂಗುಡೆ ಪುಳಿಮುಂಚಿಯ ಮೇಲೆ ಹಚ್ಚಿ ನೋಡಿ, ಎಲ್ಲ ತೊಂದರೆ ಒಂದೇ ತಟ್ಟೆಯಲ್ಲಿ ಸಿಗುತ್ತದೆ. ಮೆಣಸು ಜೋರು, ಹುಣಸೆ ಜೋರು, ಬಂಗುಡೆ ಎಣ್ಣೆಯ ಮೀನು. ಕೆಂಪು ವೈನ್ ಇಟ್ಟರೆ ಮೊದಲು ನಾಲಿಗೆ ಉರಿಯುತ್ತದೆ, ಆಮೇಲೆ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದಂಥ ರುಚಿ ಉಳಿಯುತ್ತದೆ. ಅದು ಭ್ರಮೆಯಲ್ಲ, ವೈನಿನಲ್ಲಿರುವ ಕಬ್ಬಿಣದಂಶ ಮೀನೆಣ್ಣೆಯ ಜತೆ ಸೇರಿ ಹುಟ್ಟಿಸುವ ರುಚಿ. ಬಂಗುಡೆ, ಬೂತಾಯಿಯಲ್ಲಿ ಎಣ್ಣೆ ಹೆಚ್ಚಾದ್ದರಿಂದ ಅಲ್ಲೇ ಹೆಚ್ಚು ಗೊತ್ತಾಗುತ್ತದೆ. ಸಾವಿನ್ಯೋನ್ ಆ ಕಬ್ಬಿಣದ ಕಾಟ ಕೊಡುವುದಿಲ್ಲ, ಆದರೆ ಹುಣಸೆಯ ಮುಂದೆ ನೀರಾಗುತ್ತದೆ. ಇಲ್ಲಿ ಗೆಲ್ಲುವುದು ನಿಮ್ಮ ಸ್ವಲ್ಪ ಸಿಹಿಯ ಶೆನಿನ್, 8 ಡಿಗ್ರಿಯಲ್ಲಿ. ಸಿಹಿ ಉರಿಯನ್ನು ತಗ್ಗಿಸುತ್ತದೆ, ಶೆನಿನ್ನಿನ ಸಹಜ ಹುಳಿ ಹುಣಸೆಗೆ ಹೆಗಲು ಕೊಡುತ್ತದೆ. ಆ ದಿನದ ಮಟ್ಟಿಗೆ ಹುಣಸೆಯನ್ನು ಕಾಲು ಭಾಗ ಕಡಿಮೆ ಮಾಡಿದರೆ ಇನ್ನೂ ಹೊಂದುತ್ತದೆ. ಅಡುಗೆಯವರು ಒಪ್ಪಿದರೆ.

ಸಾವಿನ್ಯೋನ್ ಬ್ಲಾಂನ ಜಾಗ ರವೆ ಫ್ರೈ. ಕಾಣೆ ರವೆ ಫ್ರೈಯಲ್ಲಿ ಮಸಾಲೆ ತೆಳು, ಮೀನು ಸಿಹಿ, ಹೊರಗೆ ಗರಿಗರಿ ಉಪ್ಪು. ನಿಂಬೆ ಹಿಂಡುವ ಬದಲು ವೈನೇ ನಿಂಬೆಯ ಕೆಲಸ ಮಾಡುತ್ತದೆ. ಎರಡನ್ನೂ ಸೇರಿಸಿದರೆ ವೈನ್ ಸೋಲುತ್ತದೆ, ನಿಂಬೆ ಹೋಳನ್ನು ಮೇಜಿನಿಂದ ತೆಗೆಯಿರಿ. ಮರ್ವಾಯಿ (ಚಿಪ್ಪುಮೀನು) ಸುಕ್ಕಕ್ಕೂ ಇದೇ, ಹಸಿ ತೆಂಗಿನತುರಿಯ ಸಿಹಿ ಮತ್ತು ಮರ್ವಾಯಿಯ ಉಪ್ಪುನೀರಿನ ರುಚಿಗೆ ಇದರ ಹಸಿಮೆಣಸಿನಂಥ ಹಸಿರು ವಾಸನೆ ಚೆನ್ನಾಗಿ ಕೂರುತ್ತದೆ. ಸಸ್ಯಾಹಾರಿಗಳಿಗೆ ಮಟ್ಟುಗುಳ್ಳದ ರವೆ ಫ್ರೈ ಅಥವಾ ಗೋಳಿಬಜೆ ಮಾಡಿ, ಅದೇ ಬಾಟಲಿ ನಡೆಯುತ್ತದೆ.

ಗೀ ರೋಸ್ಟ್ ಕುಂದಾಪುರದ ಕೊಡುಗೆ. ಅದರಲ್ಲಿ ಬ್ಯಾಡಗಿಯ ಬಣ್ಣ ಕಂಡಷ್ಟು ಖಾರ ಇರುವುದಿಲ್ಲ, ಹುಳಿ ಇದೆ, ತುಪ್ಪ ಧಾರಾಳ, ಕೆಲವರು ಬೆಲ್ಲವನ್ನೂ ಹಾಕುತ್ತಾರೆ. ಬಹಳ ಜನ ಇದಕ್ಕೆ ಕೆಂಪು ವೈನ್ ಎನ್ನುತ್ತಾರೆ, ತುಪ್ಪ ಟ್ಯಾನಿನ್ನನ್ನು ಸ್ವಲ್ಪ ಮೆದು ಮಾಡುವುದೂ ನಿಜ. ಆದರೂ ಮೇ ತಿಂಗಳ ಮಧ್ಯಾಹ್ನಕ್ಕೆ 10 ಡಿಗ್ರಿಯ ಶಿರಾಜ್ ರೋಸೆಯೇ ಸರಿ. ಕೆಂಪು ಹಣ್ಣಿನ ರುಚಿ ಇದೆ, ಒಗರು ಇಲ್ಲ, ಹುಳಿ ತುಪ್ಪವನ್ನು ಕತ್ತರಿಸುತ್ತದೆ. ಅಂಜಲ್ ತವಾ ಫ್ರೈ, ನೀರುದೋಸೆಯ ಜತೆಗಿನ ಕೋರಿ ಗಸಿ, ಕೋರಿ ರೊಟ್ಟಿ ಎಲ್ಲಕ್ಕೂ ಇದೇ ರೋಸೆ ಓಡುತ್ತದೆ. ಒಂದೇ ಬಾಟಲಿ ತರುವುದಾದರೆ ಕರಾವಳಿಗೆ ರೋಸೆ ತನ್ನಿ.

ವಿಯೊನಿಯೆ ಸ್ವಲ್ಪ ಕಷ್ಟದ ಅತಿಥಿ. ಪರಿಮಳ ಹೆಚ್ಚು, ಹುಳಿ ಕಡಿಮೆ, ಆಲ್ಕೋಹಾಲ್ ಜಾಸ್ತಿ. ಮೆಣಸಿನ ಹತ್ತಿರ ಬಿಡಬೇಡಿ, ಮಜ್ಜಿಗೆಹುಳಿಯ ಹತ್ತಿರವೂ. ಅದಕ್ಕೆಂದೇ ಈ ಋತುವಿನಲ್ಲಿ ಒಂದು ಅಡುಗೆ ಇದೆ: ಎಳೆ ಗೇರುಬೀಜ ಹಾಕಿದ ತೊಂಡೆಕಾಯಿ ಉಪ್ಕರಿ. ಬೀಜದ ಹಾಲಿನಂಥ ಸಿಹಿ, ಸಾಸಿವೆ-ಕೆಂಪುಮೆಣಸಿನ ಒಗ್ಗರಣೆ, ಮೇಲಿಷ್ಟು ತೆಂಗಿನತುರಿ, ಅಷ್ಟೇ. ನಿಮ್ಮ ಸಸ್ಯಾಹಾರಿಗಳಿಗೆ ಆ ದಿನದ ಅತ್ಯುತ್ತಮ ಜೋಡಿ ಇದೇ ಆದೀತು. ಅನಾನಸು ಮೆಣಸ್ಕಾಯಿ ಮಾಡುವುದಾದರೆ ಬೆಲ್ಲ, ಎಳ್ಳು, ಖಾರ ಮೂರೂ ಇರುವುದರಿಂದ ಶೆನಿನ್‌ಗೆ ಹೋಗಿ.

ಹಾಗಾದರೆ ಕೆಂಪಿಗೆ? ಹುಣಸೆ ಕಡಿಮೆ ಇರುವ, ಹುರಿದ ಕೊತ್ತಂಬರಿ-ತೆಂಗಿನಕಾಯಿಯ ಒಣ ಅಡುಗೆ. ಕೋರಿ ಸುಕ್ಕ, ಮಟನ್ ಸುಕ್ಕ, ಸನ್ನದ ಜತೆ ಪೋರ್ಕ್ ಬಫಾತ್. ಹಂದಿಯ ಕೊಬ್ಬು ಟ್ಯಾನಿನ್ನನ್ನು ಪಳಗಿಸುತ್ತದೆ. ಬಫಾತನ್ನು ಹಿಂದಿನ ದಿನವೇ ಮಾಡಿಟ್ಟರೆ ವಿನೆಗರಿನ ಮೊನೆ ಮೆತ್ತಗಾಗಿ ಇನ್ನೂ ಒಳ್ಳೆಯದು. 16 ಡಿಗ್ರಿ ದಾಟಲು ಬಿಡಬೇಡಿ.

ಉಪ್ಪಿನಕಾಯಿ, ಸಿಗಡಿ ಚಟ್ನಿ, ಪುನರ್ಪುಳಿ ಶರಬತ್ತು ಮೇಜಿನ ಮೇಲೆ ಇದ್ದರೆ ಮೇಲಿನ ಲೆಕ್ಕವೆಲ್ಲ ಬುಡಮೇಲು. ಪುನರ್ಪುಳಿಯನ್ನು ಬಂದ ಕೂಡಲೇ ಕೊಡಿ, ದಾಹವೂ ತಣಿಯುತ್ತದೆ, ಯಾರೂ ಬಾಯಾರಿಕೆಗೆಂದು ವೈನ್ ಗುಟುಕರಿಸುವುದಿಲ್ಲ. ಗಡ್‌ಬಡ್ ಐಸ್‌ಕ್ರೀಮಿಗೆ ವೈನ್ ಜೋಡಿಸಲು ಹೋಗಬೇಡಿ, ನಾಲಿಗೆ ಮರಗಟ್ಟಿದ ಮೇಲೆ ಯಾವುದಾದರೂ ಒಂದೇ.

ಎಂಟು ಜನರಲ್ಲಿ ಒಬ್ಬರಾದರೂ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ತಂದೇ ತರುತ್ತಾರೆ, ಮಂಗಳೂರಿನ ಬಹುಪಾಲು ಮನೆಗಳಲ್ಲಿ ವೈನ್ ಎಂದರೆ ಅದೇ. ಮೂಗು ಮುರಿಯುವ ಅಗತ್ಯವಿಲ್ಲ. ಅದರ ದ್ರಾಕ್ಷಿ ಶರಬತ್ತಿನ ವಾಸನೆ ಆ ತಳಿಯ ಗುಣ, ದೋಷವಲ್ಲ. ಎಲ್ಲದರ ಕೊನೆಗೆ, 10-12 ಡಿಗ್ರಿಯಲ್ಲಿ, ಉಪ್ಪು ಹಚ್ಚಿ ಹುರಿದ ಗೇರುಬೀಜದ ಜತೆ ಸಣ್ಣ ಗ್ಲಾಸಿನಲ್ಲಿ ಕೊಡಿ.

ಉಳಿದ ವೈನಿಗೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿ ನಿಲ್ಲಿಸಿಡಿ, ಮಲಗಿಸಬೇಡಿ. ಬಿಳಿ ಮತ್ತು ರೋಸೆ ಮೂರು ದಿನ, ಕೆಂಪು ಎರಡು ಮೂರು ದಿನ ತಡೆಯುತ್ತದೆ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಚಿಕ್ಕ ಬಾಟಲಿಗೆ ಬಾಯಿವರೆಗೆ ತುಂಬಿ, ಗಾಳಿ ಕಡಿಮೆಯಾದಷ್ಟೂ ಒಳ್ಳೆಯದು. ಮುಂದೆ ಬಿಳಿ ವೈನ್ ಕೊಳ್ಳುವಾಗ ಲೇಬಲಿನಲ್ಲಿ ಕೊಯ್ಲಿನ ವರ್ಷ ನೋಡಿ, ಎರಡು ವರ್ಷಕ್ಕಿಂತ ಹಳೆಯದನ್ನು ಅಂಗಡಿಯಲ್ಲೇ ಬಿಡಿ, ಅದರಲ್ಲೂ ಎಸಿ ಇಲ್ಲದ ಅಂಗಡಿಯಾದರೆ. ಮೀನಿನ ಕೂಟವನ್ನು ಮೇ ಕೊನೆಯೊಳಗೇ ಮುಗಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಒಳ್ಳೆಯ ಅಂಜಲ್ ಸಿಗುವುದು ಆಗ ಕಷ್ಟ.